ಫಾಂಟ್ ಹಾಕಿಕೊಂಡು ಓದಿ

ಹೋದ ಮಳೆಗಾಲದಲ್ಲಿ ಪಹಣಿ ತಿದ್ದಿಸುವ ಕೆಲಸಕ್ಕೆ ಚಾಮರಾಜನಗರಕ್ಕೆ ಹೋಗಿದ್ದೆ. ಉಡಿಗಾಲದಲ್ಲಿರುವ ನಮ್ಮ ಜಮೀನಿನ ಪತ್ರದಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿತ್ತು. ಅರ್ಜಿ ಟೈಪ್ ಮಾಡಿಸಿಕೊಂಡು ಬನ್ನಿ ಎಂದು ಕಚೇರಿಯಲ್ಲಿ ಹೇಳಿದರು. ಎದುರಿನ ಮಳಿಗೆಗಳಲ್ಲಿ ಎಲ್ಲರೂ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದರು. ಕೊನೆಯದರಲ್ಲಿ ಮಾತ್ರ ಒಬ್ಬ ವಯಸ್ಸಾದ ಅರ್ಜಿ ಬರೆಯುವವರು ಕನ್ನಡ ಟೈಪ್‌ರೈಟರ್ ಮುಂದೆ ಇದ್ದರು. ಸೋನೆ ಜೋರಾಯಿತು, ಅಲ್ಲಿಗೇ ನುಗ್ಗಿದೆ. ಒಳಗೆ ಕಾಲಿಟ್ಟದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ರಿಬ್ಬನ್ನಿನ ಶಾಯಿ, ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆ, ಕಾರ್ಬನ್ ಹಾಳೆ, ಮೂರೂ ಸೇರಿದ್ದು. ನಜೀರ್ ಸಾಹೇಬರ ಅಂಗಿಗೆ ಸದಾ ಅದೇ ವಾಸನೆ ಇರುತ್ತಿತ್ತು. ಎರಡು ಸಾವಿರದ ಏಳರ ಮಳೆಗಾಲವನ್ನು ನಾನು ಬೇಕೆಂದೇ ಮರೆತಿದ್ದೆ. ಅದು ನನ್ನನ್ನು ಮರೆತಿರಲಿಲ್ಲ ಎಂದು ಕಾಣುತ್ತದೆ.

ಆಗ ನನಗೆ ಇಪ್ಪತ್ಮೂರು. ಮೈಸೂರಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಚಾಮರಾಜನಗರದ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಕಾಡಂಚಿನ ಊರುಗಳಲ್ಲಿ ತಾಯಿ ಮಕ್ಕಳ ಆರೋಗ್ಯ ನೋಡಿಕೊಳ್ಳುವ ಸಂಸ್ಥೆ ಅದು. ಚಾಮರಾಜನಗರದಲ್ಲಿ ಮುಖ್ಯ ಕಚೇರಿ, ಗುಂಡ್ಲುಪೇಟೆಯಲ್ಲಿ ಇನ್ನೊಂದು. ಪುಣಜನೂರಿನ ಕಡೆ, ಕುದೇರಿನ ಕಡೆ, ಆಚೆ ಗುಂಡ್ಲುಪೇಟೆಯ ಕಾಡಿನ ಕಡೆ ಓಡಾಡುವ ಕಾರ್ಯಕರ್ತೆಯರು ಚೀಟಿಗಳಲ್ಲಿ ಏನೇನೋ ಗೀಚಿ ಕಳಿಸುತ್ತಿದ್ದರು. ಅದನ್ನೆಲ್ಲ ಓದಿ, ಅರ್ಥ ಮಾಡಿಕೊಂಡು, ಅಚ್ಚುಕಟ್ಟಾದ ಕನ್ನಡದಲ್ಲಿ ವರದಿ ಮಾಡುತ್ತಿದ್ದವರು ಟೈಪಿಸ್ಟ್ ನಜೀರ್ ಸಾಹೇಬರು. ಎರಡೂ ಕಚೇರಿಗಳ ನಡುವೆ ಕಾಗದಪತ್ರ ಓಡಾಡುತ್ತಿದ್ದದ್ದು ತೆರಕಣಾಂಬಿ ಮೇಲೆ ಹೋಗುವ ಸಂಜೆಯ ಬಸ್ಸಿನಲ್ಲಿ, ಕಂಡಕ್ಟರನ ಕೈಯಲ್ಲಿ.

ಇದನ್ನೆಲ್ಲ ಬದಲಾಯಿಸಲು ನಾನು ಬಂದಿದ್ದೆ. ಕಚೇರಿಯ ಐದು ಕಂಪ್ಯೂಟರುಗಳಲ್ಲೂ ಇದ್ದದ್ದು ಯಾರಿಂದಲೋ ನಕಲು ಮಾಡಿ ತಂದ ತಂತ್ರಾಂಶ. ಅದು ಬೇಡ, ಎಲ್ಲರಿಗೂ ಮುಕ್ತವಾಗಿರುವ ಲಿನಕ್ಸ್ ಹಾಕಿ, ಅದರ ಮೇಲೆ ಎರಡೂ ಕಚೇರಿಯವರು ಒಟ್ಟಿಗೆ ಕೂತು ಕೆಲಸ ಮಾಡುವಂಥ ಒಂದು ಏರ್ಪಾಡು ಮಾಡಿ ಎಂದು ನಿರ್ದೇಶಕರು ಹೇಳಿದ್ದರು. ಪತ್ರ, ದಿನಚರಿ, ಜೀಪು ಯಾವತ್ತು ಎಲ್ಲಿಗೆ, ಯಾರ ವರದಿ ಬಂತು, ಯಾರು ಉತ್ತರ ಕೊಟ್ಟರು, ಎಲ್ಲವೂ ಒಂದೇ ಕಡೆ, ಎಲ್ಲರ ಕಣ್ಣಿಗೂ ಬೀಳುವಂತೆ.

ಅದನ್ನು ಹಾಕುವುದರೊಳಗೆ ನನ್ನ ಹೆಣ ಬಿತ್ತು. ಒಂದು ತುಂಡು ಹಾಕಿದರೆ ಇನ್ನೊಂದು ತುಂಡು ಬೇಕು ಅನ್ನುತ್ತಿತ್ತು, ಅದನ್ನು ತಂದರೆ ಮೊದಲು ಮಗದೊಂದು ಹಾಕು ಅನ್ನುತ್ತಿತ್ತು. ಫೋನಿನ ತಂತಿಯಲ್ಲೇ ಇಂಟರ್‌ನೆಟ್ಟು. ಯಾರಾದರೂ ಫೋನ್ ಮಾಡಿದರೆ ಇಳಿಯುತ್ತಿದ್ದದ್ದು ಅರ್ಧಕ್ಕೆ ನಿಂತು ಮೊದಲಿಂದ ಶುರು. ಮಳೆ ಬಂದರೆ ಕರೆಂಟಿಲ್ಲ. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಪರದೆಯ ಮೇಲೆ ಬಿಳಿ ಪುಟವೊಂದು ತೆರೆದುಕೊಂಡು ಹೆಸರು ಕೇಳಿದಾಗ ನಾನು ಕುರ್ಚಿಯಿಂದ ಎದ್ದು ಕುಣಿದಿದ್ದೆ. ಆ ಏರ್ಪಾಡಿಗೆ ‘ಕಟ್ಟೆ’ ಎಂದು ಹೆಸರಿಟ್ಟವಳೂ ನಾನೇ. ಜೀಪು ಓಡಿಸುತ್ತಿದ್ದ ಮಾದಪ್ಪ ಬಂದು ಬಗ್ಗಿ ನೋಡಿದ.

“ಕಟ್ಟೆ ಅಂದ್ರೆ ಕುಂತ್ಕಳಕ್ಕೆ ಜಾಗ ಇರ್ಬೇಕು ಮೇಡಮ್ಮೋರೆ. ಇದ್ರಲ್ಲಿ ಎಲ್ ಕುಂತ್ಕಳದು?” ಎಂದ.

“ಎಲ್ರೂ ಕೂತ್ಕೋಬೋದು, ಬೀಡಿ ಮಾತ್ರ ಸೇದಂಗಿಲ್ಲ” ಎಂದೆ.

ನಜೀರ್ ಸಾಹೇಬರು ಮೂಲೆಯಲ್ಲಿ ಟೈಪ್ ಮಾಡುತ್ತಲೇ ನಕ್ಕರು. ಅವರಿಗೆ ಆಗ ಐವತ್ತೈದರ ಮೇಲಿತ್ತು. ಮನೆಯಲ್ಲಿ ಉರ್ದು, ಹಾಳೆಯ ಮೇಲೆ ಒಂದು ಒತ್ತಕ್ಷರವೂ ಜಾರದ ಕನ್ನಡ. ಅವರು ಟೈಪ್ ಮಾಡುವಾಗ ಕಣ್ಣು ಎಡಗಡೆಯ ಚೀಟಿಯ ಮೇಲೆ ಇರುತ್ತಿತ್ತೇ ಹೊರತು ಬೆರಳಿನ ಕಡೆಗಾಗಲಿ ಅಚ್ಚಾಗುವ ಹಾಳೆಯ ಕಡೆಗಾಗಲಿ ಹೊರಳುತ್ತಿರಲಿಲ್ಲ. ಪ್ರತಿ ಹಾಳೆಯ ಕೊನೆಗೆ, ಸಹಿಗೆ ಬಿಟ್ಟ ಜಾಗದ ಕೆಳಗೆ, ‘ತಪ್ಪಿದ್ದರೆ ತಿದ್ದಿ’ ಎಂದು ಒಂದು ಸಾಲು ಸೇರಿಸುವುದು ಅವರ ರೂಢಿ. ಅವರ ಹಾಳೆಯಲ್ಲಿ ತಪ್ಪು ಕಂಡವರು ಯಾರೂ ಇರಲಿಲ್ಲ. ಅದು ಅವರ ಜಂಬವೋ ವಿನಯವೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಲಿನಕ್ಸ್ ಹಾಕುವ ಮೊದಲು ಅವರು ಕಂಪ್ಯೂಟರಿನಲ್ಲೂ ಟೈಪ್ ಮಾಡುತ್ತಿದ್ದರು. ಅದರ ಕನ್ನಡ ತಂತ್ರಾಂಶದಲ್ಲಿ ಕೀಲಿಗಳೆಲ್ಲ ಟೈಪ್‌ರೈಟರಿನ ಜಾಗದಲ್ಲೇ ಇದ್ದವು, ಬೆರಳಿಗೆ ಹೊಸದೇನೂ ಕಲಿಯುವಂತಿರಲಿಲ್ಲ. ಒಂದೇ ತೊಂದರೆ ಎಂದರೆ, ಒಂದು ಕಂಪ್ಯೂಟರಿನ ಕನ್ನಡ ಇನ್ನೊಂದರಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರ, ಅಂಕಿ, ಕಂಸಗಳ ಕಲಸುಮೇಲೋಗರವಾಗಿ ಕಾಣುತ್ತಿತ್ತು. ಆಗ ಅದನ್ನೆಲ್ಲ ಗುರುತು ಮಾಡಿ ಕನ್ನಡದ ಫಾಂಟ್ ಆರಿಸಿದರೆ ಥಟ್ಟನೆ ಕನ್ನಡವಾಗುತ್ತಿತ್ತು. ಆ ಕಾಲದಲ್ಲಿ ಕನ್ನಡ ಟೈಪ್ ಮಾಡಿದವರಿಗೆಲ್ಲ ಇದು ಗೊತ್ತು. ಬೇರೆ ಕಚೇರಿಯಿಂದ ಯಾರಾದರೂ ಫೋನ್ ಮಾಡಿ ಏನೂ ಅರ್ಥ ಆಗ್ತಿಲ್ಲ ಅಂದರೆ ಸಾಹೇಬರು, “ಫಾಂಟ್ ಹಾಕ್ಕೊಂಡು ಓದಿ ಸ್ವಾಮಿ” ಅನ್ನುತ್ತಿದ್ದರು.

ನಾನು ತಂದ ಲಿನಕ್ಸ್‌ನಲ್ಲಿ ಆ ತಂತ್ರಾಂಶ ಓಡುತ್ತಿರಲಿಲ್ಲ. ಕೀಲಿಗಳ ಜಾಗ ಬೇರೆ. ಪ್ರತಿ ಸಲವೂ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿ ಕನ್ನಡಕ್ಕೆ ಬದಲಾಯಿಸಿಕೊಳ್ಳಬೇಕು, ಆಮೇಲೆ ಹೊಸ ಜಾಗಗಳಲ್ಲಿ ಹುಡುಕಿ ಹುಡುಕಿ ಒತ್ತಬೇಕು. ಸಾಹೇಬರಿಗೆ ಅರ್ಧ ಗಂಟೆಯಲ್ಲಿ ಇಷ್ಟನ್ನೂ ಹೇಳಿ ಮುಗಿಸಿ, ಒಂದು ಹಾಳೆಯಲ್ಲಿ ಕೀಲಿಮಣೆಯ ಚಿತ್ರ ಬರೆದುಕೊಟ್ಟೆ. ಅವರು ಅದನ್ನು ಎರಡು ಸಲ ಮಡಚಿ ಜೇಬಿಗಿಟ್ಟುಕೊಂಡರು.

“ನಂಗೆ ತಿಳೀತು ಕಣಮ್ಮ. ಬೆರಳಿಗೆ ತಿಳಿಸೋದೇ ಕಷ್ಟ” ಎಂದರು.

“ಒಂದ್ ತಿಂಗಳಲ್ಲಿ ಕಲ್ತ್‌ಕೋತೀರ ಸಾರ್” ಎಂದು ನಾನು ಬೇರೆ ಕೆಲಸಕ್ಕೆ ಎದ್ದೆ. ಅವರ ಪಕ್ಕದಲ್ಲಿ ಇನ್ನೊಂದು ದಿನ, ಇನ್ನೊಂದೇ ದಿನ ಕೂರಬೇಕಿತ್ತು. ಈಗ ಅನ್ನಿಸಿ ಏನು ಬಂತು.

ಜುಲೈನಲ್ಲಿ ಅವರನ್ನು ಗುಂಡ್ಲುಪೇಟೆ ಕಚೇರಿಗೆ ಹಾಕಿದರು. ನಿರ್ದೇಶಕರು ಎಲ್ಲರ ಮುಂದೆಯೇ ಹೇಳಿದ್ದರು: ದಸರೆಯ ಹೊತ್ತಿಗೆ ಎರಡೂ ಕಚೇರಿಯವರು ಕಟ್ಟೆಯಲ್ಲೇ ಕೆಲಸ ಮಾಡಬೇಕು, ಟೈಪಿಸ್ಟ್ ಎಂಬ ಹುದ್ದೆ ಇನ್ನು ಇರುವುದಿಲ್ಲ, ಕಟ್ಟೆಯಲ್ಲಿ ವರದಿ ಬರೆಯಬಲ್ಲವರು ಉಳಿಯುತ್ತಾರೆ. ಯಾರನ್ನು ಕುರಿತು ಆ ಮಾತು ಎಂದು ಎಲ್ಲರಿಗೂ ಗೊತ್ತಿತ್ತು. ಸಾಹೇಬರು ತಲೆಯಾಡಿಸಿ, ಮಾರನೆಯ ದಿನದಿಂದ ಬೆಳಗಿನ ಬಸ್ಸು ಹಿಡಿದರು.

ಆ ವರ್ಷ ಗುಂಡ್ಲುಪೇಟೆಯ ಸುತ್ತ ಚೆಂಡು ಹೂವು ಹುಚ್ಚೆದ್ದು ಬಂದಿತ್ತು. ನೀಲಗಿರಿಯ ಕಡೆಯಿಂದ ಸೋನೆ ತೂರಿ ಬರುತ್ತಿತ್ತು, ರಸ್ತೆಯ ಎರಡೂ ಕಡೆ ಹಳದಿ ಕೇಸರಿ ಹೊಲಗಳು, ಕೇರಳಕ್ಕೆ ಹೋಗುವ ಕಾರುಗಳವರು ಇಳಿದು ಫೋಟೋ ತೆಗೆಸಿಕೊಳ್ಳುವುದು, ಹೊಲದವರು ಮಲಯಾಳವನ್ನೂ ಕನ್ನಡವನ್ನೂ ಕಲಸಿ ಅವರನ್ನು ಬೈದು ಓಡಿಸುವುದು. ನಾನು ಕಟ್ಟೆ ಸರಿಮಾಡುವ ನೆಪದಲ್ಲಿ ಎರಡು ಮೂರು ಸಲ ಮಾದಪ್ಪನ ಜೀಪಿನಲ್ಲಿ ಹೋಗಿಬಂದೆ. ನಾನು ಹೋದಾಗಲೆಲ್ಲ ಸಾಹೇಬರು ಚಹಾ ತರಿಸುತ್ತಿದ್ದರು. ಚೀಟಿಗಳನ್ನು ಪಕ್ಕಕ್ಕಿಟ್ಟು ಕಾರ್ಯಕರ್ತೆಯರ ಸುದ್ದಿ ಹೇಳುತ್ತಿದ್ದರು. ನಾನು ನನ್ನ ತಂತಿ, ಡಬ್ಬಿಗಳ ಗುಂಗಿನಲ್ಲಿರುತ್ತಿದ್ದೆ. ಅವರು ಟೈಪ್ ಮಾಡುವುದನ್ನು ಒಂದು ಸಲವೂ ನಿಂತು ನೋಡಲಿಲ್ಲ.

ಅವರು ಗುಂಡ್ಲುಪೇಟೆಗೆ ಹೋದ ಮೊದಲ ದಿನವೇ ಕಟ್ಟೆಗೆ ಅವರ ಹೆಸರಿನಲ್ಲಿ ಒಂದು ಪುಟ ಬಂದಿತ್ತು. ತೆರೆದು ನೋಡಿದರೆ ಇಂಗ್ಲಿಷ್ ಅಕ್ಷರಗಳು. ದೊಡ್ಡವು, ಚಿಕ್ಕವು, ನಡುವೆ ಅಂಕಿ, ಅರ್ಧವಿರಾಮ, ಕಂಸ. ಒಂದು ಪದಕ್ಕೂ ಅರ್ಥವಿಲ್ಲ. ಸಾಹೇಬರು ಕೀಲಿ ಒತ್ತಿ ಪ್ರಯೋಗ ಮಾಡುತ್ತಿದ್ದಾರೆ ಅಂದುಕೊಂಡೆ. ಮಾರನೆಯ ದಿನವೂ ಒಂದು ಪುಟ, ಅದರ ಮಾರನೆಯ ದಿನವೂ. ಒಂದು ವಾರವಾದ ಮೇಲೆ ನನಗೆ ನಗು ಬಂತು, ಎರಡು ವಾರವಾದ ಮೇಲೆ ಸಿಟ್ಟು ಬಂತು. ಏನೋ ಒಂದು ಒತ್ತಿ, ಬರೆದ ಹಾಗೆ ತೋರಿಸಿಕೊಂಡು, ದಸರೆಯವರೆಗೆ ದಿನ ದೂಡುತ್ತಿದ್ದಾರೆ ಎಂದು ಖಚಿತ ಮಾಡಿಕೊಂಡುಬಿಟ್ಟೆ.

ಕೇಳಬಹುದಿತ್ತು. ಇದೇನು ಸಾರ್ ಹೀಗೆ ಬರೆದಿದ್ದೀರಿ ಎಂದು ಒಂದು ಮಾತು. ಆದರೆ ನಮ್ಮ ಕಡೆ ದೊಡ್ಡವರ ತಪ್ಪನ್ನು ಮುಖಕ್ಕೆ ಹೇಳುವುದಿಲ್ಲ. ಅವರಿಲ್ಲದಾಗ ಬೇರೆಯವರಿಗೆ ಹೇಳುತ್ತೇವೆ, ಅದನ್ನು ಮರ್ಯಾದೆ ಅಂತ ಕರೆಯುತ್ತೇವೆ. ನಿರ್ದೇಶಕರಿಗೆ ಹೇಳಿದೆ, ಅವರೂ ಅಷ್ಟೇ. “ಪಾಪ, ಹಿರಿಯರು, ನಾವು ಕೇಳಿ ಮುಜುಗರ ಮಾಡೋದು ಬೇಡ” ಎಂದರು. ಊರುಗಳ ಸುದ್ದಿ ಹೇಗೂ ಮಾದಪ್ಪನ ಬಾಯಲ್ಲಿ ಬರುತ್ತಿತ್ತು. ನಾನು ಪ್ರತಿ ಶನಿವಾರ ಕಟ್ಟೆ ಗುಡಿಸುತ್ತಿದ್ದೆ. ಗುಡಿಸುವುದೆಂದರೆ, ಸಾಹೇಬರ ಆ ವಾರದ ಪುಟಗಳನ್ನೆಲ್ಲ ಗುರುತು ಮಾಡಿ ಅಳಿಸುವುದು.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಅವರೇ ಫೋನ್ ಮಾಡಿದರು. ಆ ಕರೆಯ ಒಂದೊಂದು ಮಾತೂ ನನಗೆ ಕಂಠಪಾಠವಾಗಿದೆ.

“ಅಮ್ಮಾ, ನಾನ್ ಬರ್ದು ಹಾಕ್ತಿರೋದು ಬರ್ತಾ ಐತಾ?”

ಬಂದದ್ದು ನಿಜ. ಬಂದದ್ದು ಕಸ ಎಂದು ಹೇಗೆ ಹೇಳಲಿ? “ಬರ್ತಿದೆ ಸಾರ್” ಎಂದೆ.

“ಫಾಂಟ್ ಹಾಕ್ಕೊಂಡು ಓದ್ತೀರಲ್ವಾ?”

ಹೊಸದರಲ್ಲಿ ಈ ಫಾಂಟಿನ ತಾಪತ್ರಯವೇ ಇಲ್ಲ ಎಂಬುದು ನನ್ನ ದೊಡ್ಡ ಹೆಮ್ಮೆ. “ಇದ್ರಲ್ಲಿ ಫಾಂಟ್ ಗೀಂಟ್ ಏನೂ ಹಾಕೋ ಹಂಗಿಲ್ಲ ಸಾರ್. ಹಂಗೇ ಕನ್ನಡ ಬಂದ್ಬಿಡುತ್ತೆ” ಎಂದೆ.

“ಹೌದಾ! ಅಲ್ಲಿ ಹಂಗೇ ಬಂದ್ಬುಡ್ತದಾ? ಒಳ್ಳೇದಾಯ್ತು ಬುಡಿ” ಎಂದರು. ಅವರ ದನಿಯಲ್ಲಿ ಎಂಥ ಸಂತೋಷ ಇತ್ತೆಂದರೆ, ಫೋನ್ ಇಟ್ಟ ಮೇಲೆ ನನಗೇ ಒಂಥರಾ ಆಯಿತು. ಆಮೇಲೆ ಮರೆತೆ.

ಸೆಪ್ಟೆಂಬರಿನಲ್ಲಿ ನಾನು ನಿರ್ದೇಶಕರಿಗೆ ವರದಿ ಕೊಟ್ಟೆ. ಯಾರು ಯಾರು ಕಟ್ಟೆಯನ್ನು ಹೇಗೆ ಬಳಸುತ್ತಿದ್ದಾರೆ ಎಂಬ ಎರಡು ಪುಟದ ಬರಹ. ನಜೀರ್ ಅವರಿಗೆ ಈ ಕೆಲಸ ಕಲಿಯಲು ಸಾಧ್ಯವಾಗಿಲ್ಲ, ಅರ್ಥವಿಲ್ಲದ ಅಕ್ಷರಗಳನ್ನು ಒತ್ತುತ್ತಿದ್ದಾರೆ, ನೋಡಿ ಎಂದು ಅವರದೊಂದು ಪುಟವನ್ನು ಅಚ್ಚು ತೆಗೆದು ಹಿಂದೆ ಪಿನ್ ಹಾಕಿದೆ. ದಸರೆಗೆ ಒಂದು ವಾರ ಮುಂಚೆ ಅವರನ್ನು ಕರೆಸಿದರು. ಅವರನ್ನು ಕೆಲಸದಿಂದ ಬಿಡಿಸುವ ಪತ್ರವನ್ನು ಸಿದ್ಧಮಾಡಿದವಳು ನಾನೇ. ಆ ಕಚೇರಿಯಲ್ಲಿ ಅವರು ಟೈಪ್ ಮಾಡದೆ ಹೊರಬಿದ್ದ ಮೊದಲ ಕನ್ನಡ ಪತ್ರ ಅದು.

ಸಾಹೇಬರು ನಿಂತುಕೊಂಡೇ ಓದಿದರು. ಏನಾದರೂ ಕೇಳುತ್ತಾರೆ, ಸಿಟ್ಟಾಗುತ್ತಾರೆ ಎಂದು ನಾನು ಮೇಜಿನ ಅಂಚು ಹಿಡಿದು ನಿಂತಿದ್ದೆ. ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು.

“ಇಲ್ಲಿ ‘ಕೃತಜ್ಞತೆ’ಲಿ ಒತ್ತು ಬಿಟ್ಟೋಗೈತಮ್ಮ. ತಿದ್ದಿ.”

ಲಿನಕ್ಸ್‌ನಲ್ಲಿ ಆಗ ಕೆಲವು ಒತ್ತಕ್ಷರ ಸರಿಯಾಗಿ ಮೂಡುತ್ತಿರಲಿಲ್ಲ. ನಾನು ತಿದ್ದಲು ಹೋದೆ, ಬರಲಿಲ್ಲ. ಕೊನೆಗೆ ಪೆನ್ನಿನಲ್ಲಿ ಬರೆದೆ. ಅವರು ಪತ್ರ ಮಡಚಿ ಜೇಬಿಗಿಟ್ಟುಕೊಂಡು, ಎಲ್ಲರಿಗೂ ಒಂದೊಂದು ಸಲ ಕೈ ಮುಗಿದು ಹೋದರು. ಹೊರಗೆ ಮಾದಪ್ಪ ಜೀಪು ಒರೆಸುತ್ತಿದ್ದ. “ಬುಟ್ಬುಟ್ರಾ ಸಾಯಬ್ರನ್ನ?” ಎಂದು ನನ್ನನ್ನು ಕೇಳಿದ. ಹೂಂ ಎಂದೆ. ಅವತ್ತಿನಿಂದ ನಾನು ಕೆಲಸ ಬಿಡುವವರೆಗೂ ಅವನು ನನ್ನ ಹತ್ತಿರ ತಮಾಷೆ ಮಾಡಲಿಲ್ಲ.

ಎರಡು ವರ್ಷದಲ್ಲಿ ನಾನೂ ಬೇರೆ ಕಡೆ ಹೋದೆ. ಈಗ ಮೈಸೂರಿನ ಶಾಲೆಯೊಂದರಲ್ಲಿ ಕಂಪ್ಯೂಟರ್ ಹೇಳಿಕೊಡುತ್ತೇನೆ. ಕಟ್ಟೆಯೂ ಹೆಚ್ಚು ದಿನ ಉಳಿಯಲಿಲ್ಲವಂತೆ. ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಹೋದ ಮಳೆಗಾಲದ ಆ ಮಳಿಗೆಯಲ್ಲಿ ನನ್ನ ಹಾಗೆಯೇ ಅರ್ಜಿಗೆ ಕಾಯುತ್ತ ಒಬ್ಬಳು ಕಾಲೇಜು ಹುಡುಗಿ ಕೂತಿದ್ದಳು. ಅರ್ಜಿ ಬರೆಯುವವರು ಚಹಾ ಕುಡಿಯಲು ಎದ್ದಾಗ ಅವಳು ಟೈಪ್‌ರೈಟರಿನ ಮುಂದೆ ಕೂತು, ಕಂಪ್ಯೂಟರಿನ ಅಭ್ಯಾಸದಲ್ಲಿ ಬೆರಳಿಟ್ಟು, ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಒತ್ತಿದಳು. ಹಾಳೆಯ ಮೇಲೆ ಮೂಡಿದ್ದು ತಲೆಬುಡವಿಲ್ಲದ ಕನ್ನಡದ ಅಕ್ಷರಗಳು, ಎಲ್ಲೋ ಒಂದು ಕೊಂಬು, ಎಲ್ಲೋ ಒಂದು ಒತ್ತು. ಅವಳು ಬಿದ್ದು ಬಿದ್ದು ನಕ್ಕಳು. ಮುದುಕರು ಲೋಟ ಹಿಡಿದು ಬಂದು ನೋಡಿ ಗದರಿಸಿದರು.

“ಇಂಗ್ಲಿಷ್ ಬೆರಳಿಟ್ಟು ಕನ್ನಡದ್ ಮಿಷಿನ್ ಒತ್ತುದ್ರೆ ಇನ್ನೇನ್ ಬಂದದು ಕಣಮ್ಮಿ?”

ನಾನೂ ನಗುತ್ತಿದ್ದವಳು ಅಲ್ಲಿಗೇ ನಿಂತೆ. ಇಂಗ್ಲಿಷ್ ಬೆರಳಿಟ್ಟು ಕನ್ನಡದ ಯಂತ್ರ. ಹಾಗಾದರೆ ಆ ಎರಡು ಕೀಲಿ ಒತ್ತಿ ಬದಲಾಯಿಸಿಕೊಳ್ಳದೆ, ಕನ್ನಡದ ಬೆರಳಿಟ್ಟು ಇಂಗ್ಲಿಷಿನ ಯಂತ್ರ ಒತ್ತಿದರೆ? ನಜೀರ್ ಸಾಹೇಬರ ಇಪ್ಪತ್ತೈದು ವರ್ಷ ಪಳಗಿದ ಬೆರಳು, ಪರದೆ ನೋಡದ ಕಣ್ಣು, ಇಲ್ಲಿ ಇಂಗ್ಲಿಷಾಗಿ ಕಂಡರೇನು ಅಲ್ಲಿ ಫಾಂಟ್ ಹಾಕಿ ಓದಿಕೊಳ್ಳುತ್ತಾರೆ ಎಂಬ ನಂಬಿಕೆ. ಆಮೇಲೆ ನನ್ನ ಬಾಯಿಂದಲೇ ಬಂದ ಮಾತು, ಇಲ್ಲಿ ಹಂಗೇ ಕನ್ನಡ ಬಂದ್ಬಿಡುತ್ತೆ. ಹೊಸದರಲ್ಲಿ ಹಳೆಯ ಫಾಂಟೇ ಇರಲಿಲ್ಲ, ಅದು ಆಗ ನನ್ನ ತಲೆಗೇ ಬಂದಿರಲಿಲ್ಲ.

ಪಹಣಿಯನ್ನು ಅಲ್ಲಿಗೇ ಬಿಟ್ಟು ಉಡಿಗಾಲದ ಮನೆಗೆ ಹೋಗಿ ನನ್ನ ಹಳೆಯ ಟ್ರಂಕಿನ ತಳ ಕೆದಕಿದೆ. ನನ್ನ ವರದಿಯ ಪ್ರತಿ ಇತ್ತು, ಹಿಂದೆ ತುಕ್ಕು ಹಿಡಿದ ಪಿನ್ನಿನಲ್ಲಿ ಆ ಪುಟವೂ ಇತ್ತು. ಮಾರನೆಯ ಬೆಳಗ್ಗೆ ಅದೇ ಮಳಿಗೆಗೆ ಹೋಗಿ, ನಿಮ್ಮ ಯಂತ್ರ ಒಂದು ಗಂಟೆ ಬೇಕು ಎಂದು ಮುದುಕರನ್ನು ಬೇಡಿಕೊಂಡೆ. ಪಿಯುಸಿ ಓದುವಾಗ ನಾನು ಇಂಗ್ಲಿಷ್ ಟೈಪಿಂಗ್ ಕಲಿತಿದ್ದೆ. ಕನ್ನಡದ ಕೀಲಿಗಳನ್ನು ನೋಡದೆ, ಕಣ್ಣನ್ನು ಪುಟದ ಮೇಲೇ ಇಟ್ಟು, ಆ ಅರ್ಥವಿಲ್ಲದ ಇಂಗ್ಲಿಷನ್ನು ಅಕ್ಷರಕ್ಕೆ ಅಕ್ಷರ ಒತ್ತುತ್ತ ಹೋದೆ. ಸಾಲಿನ ಕೊನೆಯ ಗಂಟೆ ಬಾರಿಸಿದಾಗಲೆಲ್ಲ ಹಿಡಿ ತಳ್ಳಿ ಹೊಸ ಸಾಲಿಗೆ ತಂದೆ. ಪೂರ್ತಿ ಮುಗಿಯುವವರೆಗೆ ಹಾಳೆ ನೋಡುವ ಧೈರ್ಯ ಬರಲಿಲ್ಲ. ಆಮೇಲೆ ನೋಡಿದೆ.

‘ಗುಂಡ್ಲುಪೇಟೆ ಕಚೇರಿ, ಗುರುವಾರ. ಕಾಡಂಚಿನ ಮೂರು ಊರುಗಳ ಚೀಟಿ ಬಂದಿದೆ. ಮಳೆಗೆ ಹಳ್ಳ ತುಂಬಿ ಜೀಪು ದಾಟಲಿಲ್ಲ. ರತ್ನಮ್ಮನವರು ನಡೆದು ಹೋಗಿ ಬಂದಿದ್ದಾರೆ. ಎರಡು ಮಕ್ಕಳಿಗೆ ಚುಚ್ಚುಮದ್ದು ಬಾಕಿ, ಸೋಮವಾರ ಮತ್ತೆ ಹೋಗತಕ್ಕದ್ದು. ಕಟ್ಟೆಯ ಮೇಡಂ ಅವರಿಗೆ: ತಾವು ಹೇಳಿದಂತೆ ದಿನವೂ ತಪ್ಪದೆ ಬರೆದು ಹಾಕುತ್ತಿದ್ದೇನೆ. ಈ ವಯಸ್ಸಿನಲ್ಲಿ ಹೊಸದು ಕಲಿತೆನೆಂದು ಮನೆಯಲ್ಲಿ ಎಲ್ಲರಿಗೂ ಸಂತೋಷ. ಒಂದು ಸಾಲು ಉತ್ತರ ಬಂದರೆ ಧೈರ್ಯವಾಗುತ್ತಿತ್ತು. ತಪ್ಪಿದ್ದರೆ ತಿದ್ದಿ.’

ಮುದುಕರು ನನ್ನ ಮುಖ ನೋಡಿ ಚಹಾ ತರಿಸಿದರು. ಕುಡಿಯಲಾಗಲಿಲ್ಲ.

ನಜೀರ್ ಸಾಹೇಬರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಟೈಪ್ ಸಾಹೇಬರು ಎಂದರೆ ಆ ಬೀದಿಯಲ್ಲಿ ಇನ್ನೂ ತೋರಿಸುತ್ತಾರೆ. ಸೊಸೆ ಬಾಗಿಲು ತೆಗೆದಳು. ಅವರು ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು, ತುಂಬ ಇಳಿದುಹೋಗಿದ್ದರು, ಕಣ್ಣು ಹೆಚ್ಚೂ ಕಡಿಮೆ ಹೋಗಿತ್ತು. ದನಿ ಕೇಳಿಯೇ ಗುರುತು ಹಿಡಿದರು.

“ಕಟ್ಟೆ ಮೇಡಂ ಅಲ್ವಾ? ಬನ್ನಿ ಬನ್ನಿ. ಕೂತ್ಕಳಿ.”

ಹೇಗೆ ಶುರು ಮಾಡುವುದೆಂದು ತಿಳಿಯದೆ ಹಾಳೆ ತೆಗೆದು ಓದಿಬಿಟ್ಟೆ. ಅವರು ತಲೆ ತಗ್ಗಿಸಿ ಕೇಳಿದರು. ಮುಗಿದ ಮೇಲೆ, ನಡೆದದ್ದನ್ನೆಲ್ಲ ಹೇಳಿದೆ. ಅದು ನಮಗೆ ಕನ್ನಡವಾಗಿ ಕಾಣಲೇ ಇಲ್ಲ ಎಂದೆ. ನಿಮ್ಮ ಕೆಲಸ ಕಳೆದದ್ದು ನಾನೇ ಎಂದೆ. ಅಳು ಬಂತು, ಅತ್ತುಬಿಟ್ಟೆ.

ಅವರು ನನ್ನ ದನಿಯ ಕಡೆ ಮುಖ ತಿರುಗಿಸಿದರು. “ಹಂಗಾದ್ರೆ ಯಾರೂ ಓದೇ ಇರ್ಲಿಲ್ವಾ?” ಎಂದರು.

“ಇಲ್ಲ ಸಾರ್. ಯಾರೂ ಓದ್ಲಿಲ್ಲ.”

“ಯಾ ಅಲ್ಲಾ” ಎಂದು ಉಸಿರು ಬಿಟ್ಟರು. “ಎಲ್ರೂ ಓದಿ, ಒಬ್ರೂ ಒಂದ್ ಮಾತು ಬರೀಲಿಲ್ವಲ್ಲ ಅಂತ ನಾನು ಇಷ್ಟು ವರ್ಷ ಸಂಕಟಪಟ್ಟೆ ಕಣಮ್ಮ. ಕೆಲ್ಸ ಹೋದ್ರೆ ಹೋಯ್ತು. ಬರ್ದದ್ದು ಅಷ್ಟು ಕೆಟ್ಟದಾಗಿತ್ತಾ ಅಂತ. ಆಮೇಲೆ ಮಿಷಿನ್ ಮುಟ್ಟಲಿಲ್ಲ ನಾನು.”

ಅವರ ಮುಖದಲ್ಲಿ ನಿಜವಾಗಿ ಸಮಾಧಾನ ಕಾಣುತ್ತಿತ್ತು. ಅವರು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಮಿಕ್ಕಿದ್ದು ಎಲ್ಲೈತಮ್ಮ? ದಿನಾ ಒಂದ್ ಬರೀತಿದ್ದೆ. ಅದನ್ನೂ ಒಂದಪ ಓದ್ಬುಡಿ, ಕೇಳ್ತೀನಿ.”

“ಅಳಿಸ್ಬಿಟ್ಟೆ ಸಾರ್. ವಾರ ವಾರ ನಾನೇ ಅಳಿಸ್ತಿದ್ದೆ.”

ಕುರ್ಚಿಯ ಕೈಯ ಮೇಲಿದ್ದ ಅವರ ಬೆರಳುಗಳು ಒಂದು ಸಲ ಅಲುಗಾಡಿ ನಿಂತವು. ಸೊಸೆ ಚಹಾ ತಂದಿಟ್ಟಳು. ಹೊರಗೆ ಮಳೆ ಹಿಡಿಯಿತು. ಅವರು ಕೈ ಚಾಚಿ ಆ ಒಂದು ಹಾಳೆಯನ್ನು ಇಸಿದುಕೊಂಡು, ಅಚ್ಚಿನ ಮೇಲೆ ಹೆಬ್ಬೆರಳಾಡಿಸಿದರು.

“ಹೋಗ್ಲಿ ಬುಡಿ. ಇದ್ರಲ್ಲಿ ತಪ್ಪೇನಾದ್ರೂ ಇತ್ತಾ?”

“ಇಲ್ಲ ಸಾರ್” ಎಂದೆ. “ನಿಮ್ದು ಒಂದೂ ಇರ್ಲಿಲ್ಲ.”